ಮುಕ್ಕಾಲಿನ ಗುರುತು: ಪುಣೆಯ ಒಂದು 486 ಕಂಪ್ಯೂಟರ್, ಒಂದು ಭಜನಾ ಮಂಡಳಿ

ಪುಣೆಯ ಹಳೆಯ ಪೇಠೆಯೊಂದರ ವಾಡೆಯಲ್ಲಿ, ಎರಡನೇ ಮಾಳಿಗೆಯ ಮೂಲೆಯಲ್ಲಿ, ಹಳೇ ಸೀರೆ ಹೊದ್ದುಕೊಂಡು ಹದಿಮೂರು ವರ್ಷ ಸುಮ್ಮನೆ ಕೂತಿದ್ದ ಒಂದು ಕಂಪ್ಯೂಟರಿನ ಪ್ರಕರಣ ಇದು. ಮನೆಯವರ ಹೆಸರು, ಓಣಿ, ಮಂಡಳಿಯ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತಬಾರದೆಂದು ಒಂದೆರಡು ಮನೆವಾರ್ತೆಯ ವಿವರ ಬದಲಿಸಿದ್ದೇನೆ. ಯಂತ್ರದ ವಿವರ ಮಾತ್ರ ಇದ್ದದ್ದು ಇದ್ದ ಹಾಗೆ ಇದೆ. ಇಂಥದೇ ಯಂತ್ರ ಮನೆಯ ಅಟ್ಟದ ಮೇಲೆ ಇಟ್ಟುಕೊಂಡವರು ನಮ್ಮಲ್ಲಿ ಇನ್ನೂ ಇದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಯಜಮಾನರನ್ನು ಎಲ್ಲರೂ ಕರೆಯುವಂತೆ ಕಾಕಾ ಎನ್ನುತ್ತೇನೆ. ವಯಸ್ಸು ಎಂಬತ್ತು ದಾಟಿದೆ. ಧಾರವಾಡ ಕಡೆಯವರು, ನೌಕರಿಗೆಂದು ಪುಣೆಗೆ ಬಂದು ಇಲ್ಲೇ ನಿಂತವರು. ಅವರ ಹೆಂಡತಿ, ನಮಗೆಲ್ಲ ಕಾಕು, ನಾಲ್ಕು ದಶಕದಿಂದ ಹೆಂಗಸರ ಭಜನಾ ಮಂಡಳಿ ನಡೆಸಿದ್ದಾರೆ. ದಾಸರ ಪದಗಳು, ಆರತಿ ಹಾಡು, ಮದುವೆ ಮುಂಜಿವಿಯ ಹಾಡು, ತೊಟ್ಟಿಲ ಹಾಡು ಎಲ್ಲ ಅವರ ಬಾಯಲ್ಲಿ.

1994ರಲ್ಲಿ ಕಾಕಾ ಈ ಕಂಪ್ಯೂಟರ್ ಕೊಂಡರು. 486 ಡಿಎಕ್ಸ್2, 66 ಮೆಗಾಹರ್ಟ್ಸ್, 8 ಎಂಬಿ ರ‍್ಯಾಮ್, 170 ಎಂಬಿ ಹಾರ್ಡ್ ಡಿಸ್ಕ್, ಆಪರೇಟಿಂಗ್ ಸಿಸ್ಟಂ ಎಂಎಸ್-ಡಾಸ್ 6.22. ಎಲ್ಲಕ್ಕಿಂತ ಮುಖ್ಯವಾಗಿ ಒಳಗೊಂದು ಜಿಸ್ಟ್ ಕಾರ್ಡ್. ಇದರ ಬಗ್ಗೆ ನಾಲ್ಕು ಮಾತು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಕಾನ್ಪುರದ ಐಐಟಿಯಲ್ಲಿ ಶುರುವಾದ ಆ ಕೆಲಸವನ್ನು 1988ರಲ್ಲಿ ಪುಣೆಯಲ್ಲಿ ಹುಟ್ಟಿದ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಮುಂದುವರಿಸಿತು. ಕಾರ್ಡನ್ನು ಮದರ್‌ಬೋರ್ಡಿನ ಸ್ಲಾಟಿಗೆ ಸಿಗಿಸಿದರೆ ನಮ್ಮ ಲಿಪಿ ಯಾವುದೂ ಗೊತ್ತಿಲ್ಲದ ಡಾಸ್‌ನ ಪರದೆಯ ಮೇಲೆ ಕನ್ನಡ, ದೇವನಾಗರಿ, ತಮಿಳು ಎಲ್ಲ ಮೂಡುತ್ತಿದ್ದವು. ಕೀಲಿಮಣೆ ಇನ್‌ಸ್ಕ್ರಿಪ್ಟ್: ಸ್ವರಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ, ಭಾಷೆ ಯಾವುದಾದರೂ ಬೆರಳಿನ ಜಾಗ ಒಂದೇ.

ಕಾಕಾ ಕಾರ್ಡ್ ಹಾಕಿಸಿದ್ದಕ್ಕೆ ಒಂದು ಕಾರಣ ಇತ್ತು. ಮಂಡಳಿಗೆ ಹೊಸದಾಗಿ ಬರುತ್ತಿದ್ದ ಹುಡುಗಿಯರು, ಸೊಸೆಯಂದಿರು ಪುಣೆಯಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವರು. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಈ ಯಂತ್ರದಲ್ಲಿ ಕನ್ನಡದಲ್ಲಿ ಟೈಪ್ ಮಾಡಿದ ಹಾಡು ಲಿಪಿ ಬದಲಿಸಿದ ಕೂಡಲೇ ದೇವನಾಗರಿಯಲ್ಲಿ ಕಾಣುತ್ತಿತ್ತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಒಂದು ಕನ್ನಡ ಪ್ರತಿ, ಒಂದು ದೇವನಾಗರಿ ಪ್ರತಿ. ಹೀಗೆ 1994ರಿಂದ 2009ರವರೆಗೆ ಕಾಕು ಹಾಡಿದರು, ಕಾಕಾ ಟೈಪ್ ಮಾಡಿದರು. ಸಾವಿರಕ್ಕೂ ಹೆಚ್ಚು ಪದಗಳಾದವು. ಜೊತೆಗೆ ಒಂದು ಉದ್ದನೆಯ ಲೆಡ್ಜರ್ ನೋಟುಬುಕ್ಕು ಇತ್ತು. ಅದರಲ್ಲಿ ಕ್ರಮಸಂಖ್ಯೆ, ಪದದ ಮೊದಲ ಸಾಲು, ರಾಗ, ತಾಳ, ಕೊನೆಗೆ ಫೈಲಿನ ಎಂಟಕ್ಷರದ ಹೆಸರು. 2009ರಲ್ಲಿ ಒಂದು ದಿನ ಯಂತ್ರ ಏಳಲಿಲ್ಲ. ಸೀರೆ ಹೊದಿಸಿದರು.

ತಕರಾರು ಶುರುವಾದದ್ದು

2022ರ ಮಳೆಗಾಲದ ಕೊನೆಗೆ ಮಂಡಳಿಯ ಹಾಳೆಗಳು ಝೆರಾಕ್ಸಿನ ಝೆರಾಕ್ಸಾಗಿ ಮಸಕಾಗಿದ್ದವು. ಪುಸ್ತಕ ಮಾಡಿಸೋಣ ಎಂದು ಸೊಸೆ ಪಟ್ಟುಹಿಡಿದು ಯಂತ್ರವನ್ನು ರಿಪೇರಿ ಅಂಗಡಿಯೊಂದಕ್ಕೆ ಒಯ್ದರು. ಅಂಗಡಿಯ ಹುಡುಗ ಹಾರ್ಡ್ ಡಿಸ್ಕ್ ಬಿಚ್ಚಿ ತನ್ನಲ್ಲಿದ್ದ ಬೇರೊಂದು ಹಳೆಯ ಡೆಸ್ಕ್‌ಟಾಪಿಗೆ ಹಚ್ಚಿ ನೋಡಿದ. ಒಳಗೆ ಏಳೆಂಟು ಚಿಕ್ಕ ಫೈಲು, ಒಂದೇ ಒಂದು ದೊಡ್ಡ ಫೈಲು. ಆ ದೊಡ್ಡದನ್ನು ಯಾವ ಸಾಫ್ಟ್‌ವೇರೂ ತೆರೆಯಲಿಲ್ಲ. ಆಮೇಲೆ ಕೆಲವು ಫ್ಲಾಪಿಗಳಿಂದ ಫೈಲು ಎತ್ತಿ ತೆರೆದ. ಎಲ್ಲದರಲ್ಲೂ ತಲೆಬುಡವಿಲ್ಲದ ಚಿಹ್ನೆಗಳು. ಡೇಟಾ ಪೂರ್ತಿ ಕೆಟ್ಟಿದೆ, ಡಿಸ್ಕ್ ಫಾರ್ಮ್ಯಾಟ್ ಮಾಡಿ ಯಂತ್ರ ಚಾಲೂ ಮಾಡಿಕೊಡುತ್ತೇನೆ ಎಂದ.

ಅವನು ಮೋಸ ಮಾಡಲಿಲ್ಲ, ತಾನು ಕಂಡದ್ದನ್ನು ಹೇಳಿದ. ಅವನು ಹುಟ್ಟುವ ಮೊದಲಿನ ಯಂತ್ರ ಅದು. ಆದರೆ ಆ ಒಂದು ಮಾತಿಗೆ ಹೂಂ ಅಂದಿದ್ದರೆ ಹದಿನೈದು ವರ್ಷದ ಕೆಲಸ ಐದು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಅಲ್ಲಿ ತಡೆದವರು ಕಾಕಾ. “ಫಾರ್ಮ್ಯಾಟ್ ಅಂದ್ರ ಏನಂತ ನನಗ ಗೊತ್ತದ ತಮ್ಮಾ. ಅದೊಂದ ಮಾಡಬ್ಯಾಡ” ಎಂದು ಹೇಳಿ, ರಿಕ್ಷಾದಲ್ಲಿ ಹಾಕಿಕೊಂಡು ಮನೆಗೆ ತಂದರು.

ನನಗೆ ಇಂಥ ಹಳೆಯ ಯಂತ್ರಗಳ ಹುಚ್ಚು ಇದೆಯೆಂದು ಯಾರೋ ಹೇಳಿದ್ದರಂತೆ. ಸೊಸೆ ಮೊದಲು ಪೆನ್ ಡ್ರೈವ್ ಒಂದನ್ನು ಕಳಿಸಿಕೊಟ್ಟರು. ಅಂಗಡಿಯವನು ಫ್ಲಾಪಿಯಿಂದ ಎತ್ತಿದ ಹನ್ನೆರಡು ಫೈಲು ಅದರಲ್ಲಿದ್ದವು.

ಠಕಾರದ ಜಾಡು

ಲ್ಯಾಪ್‌ಟಾಪಿನಲ್ಲಿ ತೆರೆದಾಗ ನನಗೂ ಕಂಡದ್ದು ಅದೇ ಗೋಜಲು. ಟೋಪಿ ಇಟ್ಟ ರೋಮನ್ ಅಕ್ಷರ, ಪೌಂಡಿನ ಚಿಹ್ನೆ, ಭಿನ್ನರಾಶಿ. ಆದರೆ ಕೆಟ್ಟ ಫೈಲಿಗೆ ಒಂದು ಲಕ್ಷಣ ಇರುತ್ತದೆ: ಅದರಲ್ಲಿ ಲಯ ಇರುವುದಿಲ್ಲ. ಇಲ್ಲಿ ಸಾಲುಗಳು ಸರಿಯಾಗಿ ಮುರಿದಿದ್ದವು, ನಾಲ್ಕು ಸಾಲಿಗೊಮ್ಮೆ ಖಾಲಿ ಸಾಲು ಇತ್ತು, ಪದಗಳ ನಡುವೆ ಜಾಗ ಇತ್ತು. ಮತ್ತೆ ಮತ್ತೆ ಬರುವ ಎರಡನೇ ಸಾಲೊಂದು ಇತ್ತು, ಪಲ್ಲವಿಯ ಹಾಗೆ. ಇದು ಕೆಟ್ಟದ್ದಲ್ಲ, ನನಗೆ ಓದಲು ಬರದ್ದು ಎಂದು ಅಲ್ಲೇ ಅನ್ನಿಸಿತು.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮುಕ್ಕಾಲು ಎಂಬ ಭಿನ್ನರಾಶಿ, ಅಂದರೆ ಮೂರರ ಕೆಳಗೆ ನಾಲ್ಕು, ಬೇರೆಲ್ಲೂ ಹೆಚ್ಚು ಬರುತ್ತಿರಲಿಲ್ಲ. ಬಂದರೆ ಫೈಲಿನ ಕಡೆಯ ಸಾಲಿನಲ್ಲೇ. ಅದರ ಹಿಂದೆ ಟೋಪಿಯ ಓ, ಟೋಪಿಯ ಯು, ಮುಂದೆ ಅಲೆಗೆರೆ ಹೊತ್ತ ಎನ್. ಹನ್ನೆರಡರಲ್ಲಿ ಒಂಬತ್ತು ಫೈಲಿನಲ್ಲಿ ಹೀಗೇ ಮುಕ್ತಾಯ.

ನಾನು ಕಾಕುಗೆ ಫೋನ್ ಮಾಡಿ ಕೇಳಿದೆ: ಈ ಹಾಡುಗಳ ಕೊನೆಗೆ ಒಂದೇ ಪದ ಬರುತ್ತದೆಯೇ? ಅವರಿಗೆ ಈ ಪ್ರಶ್ನೆಯೇ ವಿಚಿತ್ರ ಎನಿಸಿತು. “ದಾಸರ ಪದ ಅಲ್ಲೇನಪಾ. ಅಂಕಿತ ಇಲ್ಲದ ಹೆಂಗ ಮುಗೀತದ? ಕಡೀಕ ವಿಠಲ ಬಂದ ಬರ್ತಾನ.”

ವಿಠಲ. ಬರೆಯುವಾಗ ವ, ಅದರ ಗುಡಿಸು, ಠ, ಲ. ನಾಲ್ಕು ಚಿಹ್ನೆ. ಕನ್ನಡದಲ್ಲಿ ಠಕಾರ ಎಷ್ಟು ಅಪರೂಪ ಎಂದು ಯೋಚಿಸಿ ನೋಡಿ. ಪಾಠ, ಹಠ, ಕಂಠ, ವೈಕುಂಠದಂಥ ಕೆಲವು ಬಿಟ್ಟರೆ ದಾಸರ ಪದದಲ್ಲಿ ಅದಕ್ಕೆ ನೆಲೆ ಹೆಚ್ಚಾಗಿ ಅಂಕಿತದಲ್ಲೇ. ಮುಕ್ಕಾಲೇ ಠ.

ಮುಂದಿನದು ಸುಲಭ. ಭಾರತೀಯ ಲಿಪಿಗಳಿಗೆಂದು 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಹೊರಡಿಸಿದ ಇಸ್ಕಿ ಸಂಕೇತಪಟ್ಟಿ ತೆಗೆದು ಕೂತೆ. ಇಂಗ್ಲಿಷ್ ಅಕ್ಷರಗಳಿಗೆ 0ಯಿಂದ 127ರ ಜಾಗ ಬಿಟ್ಟು, ಮೇಲಿನ ಅರ್ಧದಲ್ಲಿ ನಮ್ಮ ವರ್ಣಮಾಲೆಯನ್ನು ಅದು ಕೂರಿಸುತ್ತದೆ. ವ 212, ಗುಡಿಸು 219, ಠ 190, ಲ 209. ಫೈಲಿನ ಬೈಟುಗಳನ್ನು ಅಂಕಿಯಾಗಿ ತೆಗೆದು ನೋಡಿದೆ: 212, 219, 190, 209. ಒಂದೂ ತಪ್ಪಿರಲಿಲ್ಲ. ಆ ರಾತ್ರಿ ಒಂದೂವರೆಗೆ ಮೊದಲ ಹಾಡು ಕನ್ನಡದಲ್ಲಿ ಪರದೆಯ ಮೇಲೆ ಬಂದಾಗ ಗಟ್ಟಿಯಾಗಿ ಓದಿದೆ. ಮನೆಯವರು ಎದ್ದು ಬಂದರು.

ಮೊದಲೇ ಪೆಟ್ಟಿಗೆ ಬಿಚ್ಚಿ ಕಾರ್ಡ್ ನೋಡಿದ್ದರೆ ಇಸ್ಕಿ ಎಂದು ಇನ್ನೂ ಬೇಗ ಊಹಿಸುತ್ತಿದ್ದೆ, ನಿಜ. ಆದರೆ ಫೈಲಿನೊಳಗೆ ಏನಿದೆ ಎಂಬುದನ್ನು ಬಲ್ಲವರು ಹಾಡುವವರು. ಅವರನ್ನು ಅಂಗಡಿಯವನೂ ಕೇಳಿರಲಿಲ್ಲ, ಕಾಕಾನ ಮಗನೂ ಕೇಳಿರಲಿಲ್ಲ.

ಯಂತ್ರಕ್ಕೆ ಕರೆಂಟು ಕೊಡದಿದ್ದದ್ದು

ಮರುಭಾನುವಾರ ವಾಡೆಗೆ ಹೋದೆ. ಕಾಕಾ ಆಗಲೇ ಸೀರೆ ತೆಗೆದು, ವೈರು ಸಿಗಿಸಿ ಕಾಯುತ್ತ ಕೂತಿದ್ದರು. “ಚಾಲೂ ಮಾಡೂಣೇನು?” ಬೇಡ ಎಂದೆ. ಅವರ ಮುಖ ಸಣ್ಣದಾಯಿತು, ಆದರೂ ಒಪ್ಪಿದರು. ಹದಿಮೂರು ವರ್ಷ ಮಲಗಿದ್ದ ಪವರ್ ಸಪ್ಲೈಯ ಕೆಪ್ಯಾಸಿಟರ್‌ಗಳು ಯಾವ ಸ್ಥಿತಿಯಲ್ಲಿವೆ ಎಂದು ನೋಡದೆ ಸ್ವಿಚ್ ಒತ್ತಿದರೆ ಹೋಗುವುದು ಬರೀ ಸಪ್ಲೈ ಇರಲಿಕ್ಕಿಲ್ಲ. ಅದರ ಜೊತೆ ಬೋರ್ಡು, ಡಿಸ್ಕು, ಇನ್ನೊಂದು ಸಿಗದ ಆ ಕಾರ್ಡು ಎಲ್ಲ ಹೋಗಬಹುದು.

ಹೀಗಾಗಿ ಮೊದಲು ಡಿಸ್ಕು ಹೊರಗೆ ಬಂತು, ಯಂತ್ರದ ಸರದಿ ಆಮೇಲೆ. ಈ ಕ್ರಮವನ್ನು ನಾನು ಯಾವ ಒತ್ತಾಯಕ್ಕೂ ಬದಲಿಸುವುದಿಲ್ಲ.

ಡಿಸ್ಕಿನದೂ ಒಂದು ತೊಡಕಿತ್ತು. ಮಾರುಕಟ್ಟೆಯಲ್ಲಿ ಸಿಗುವ ಯುಎಸ್‌ಬಿ ಅಡಾಪ್ಟರ್‌ಗಳು ಇಷ್ಟು ಹಳೆಯ ಡಿಸ್ಕನ್ನು ಅನೇಕ ಸಲ ಗುರುತಿಸುವುದೇ ಇಲ್ಲ. ಆ ಕಾಲದ ಡಿಸ್ಕು ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಅಂಕಿಯಲ್ಲಿ ವಿಳಾಸ ಕೇಳುತ್ತದೆ, ಅಡಾಪ್ಟರ್ ಒಂದೇ ಉದ್ದನೆಯ ಸಂಖ್ಯೆಯಲ್ಲಿ ಹೇಳುತ್ತದೆ. ನನ್ನದೂ ಗುರುತಿಸಲಿಲ್ಲ. ಇಂಥ ಡಿಸ್ಕನ್ನು ನೇರವಾಗಿ ಸಿಗಿಸಬಹುದಾದ ನಿಜವಾದ ಐಡಿಇ ಪೋರ್ಟ್ ಇದ್ದ ನನ್ನ ಪೆಂಟಿಯಂ 3 ಯಂತ್ರಕ್ಕೆ ಹಚ್ಚಿ, ಸಿಡಿಯಿಂದ ಲಿನಕ್ಸ್ ಎಬ್ಬಿಸಿ, ಡಿಡಿರೆಸ್ಕ್ಯೂ ಎಂಬ ನಕಲು ತೆಗೆಯುವ ಪ್ರೋಗ್ರಾಮು ಓಡಿಸಿದೆ. ಅದು ಮೊದಲು ಸಲೀಸಾಗಿ ಬರುವ ಭಾಗವನ್ನೆಲ್ಲ ಎತ್ತಿಕೊಂಡು, ತೊಡಕಿನ ಜಾಗಕ್ಕೆ ಕೊನೆಗೆ ಮರಳುತ್ತದೆ. ಸಾಯುತ್ತಿರುವ ಡಿಸ್ಕಿಗೆ ಇದಕ್ಕಿಂತ ದಯೆಯ ಉಪಚಾರ ನನಗೆ ಗೊತ್ತಿಲ್ಲ. ಡಿಸ್ಕಿನ ಚಿಕ್ಕ ತುಣುಕುಗಳಾದ 333300 ಸೆಕ್ಟರ್‌ಗಳಲ್ಲಿ ಬಾರದೆ ಉಳಿದದ್ದು 14.

ನಕಲು ತೆರೆದರೆ ಅಂಗಡಿಯವನು ಕಂಡದ್ದೇ ಕಂಡಿತು. ಏಳೆಂಟು ಚಿಕ್ಕ ಫೈಲು, ಒಂದು ದೊಡ್ಡದು. ದೊಡ್ಡದರ ಹೆಸರು ನೋಡಿದೊಡನೆ ಗೊತ್ತಾಯಿತು: ಡ್ರೈವ್‌ಸ್ಪೇಸ್. 170 ಎಂಬಿ ಸಾಲದಾದಾಗ ಜನ ಆ ಕಾಲದಲ್ಲಿ ಡಾಸ್‌ನ ಈ ಸೌಲಭ್ಯ ಹಾಕಿಕೊಳ್ಳುತ್ತಿದ್ದರು. ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹಿಂಡಿ ಒಂದೇ ಅಡಗಿಸಿಟ್ಟ ಫೈಲಿಗೆ ತುಂಬಿ, ಆ ಫೈಲನ್ನೇ ಸಿ ಡ್ರೈವ್ ಎಂದು ತೋರಿಸುವ ಯುಕ್ತಿ ಅದು. ಡಾಸ್ ಎದ್ದಾಗ ಮಾತ್ರ ಬಾಗಿಲು ತೆರೆಯುತ್ತದೆ. ಹೊರಗಿನಿಂದ ನೋಡಿದವರಿಗೆ ಕೀಲಿ ಹಾಕಿದ ಟ್ರಂಕು. ಅಂದರೆ ‘ಕೆಲಸಕ್ಕೆ ಬಾರದ ಆ ಒಂದು ಫೈಲಿನೊಳಗೇ’ ಇಡೀ ಮಂಡಳಿ ಕೂತಿತ್ತು.

ಹಳೆಯ ಯಂತ್ರದಂತೆ ನಟಿಸುವ ತಂತ್ರಾಂಶ, ಅಂದರೆ ಎಮ್ಯುಲೇಟರ್ ಒಂದರಲ್ಲಿ 486 ಯಂತ್ರ ಕಟ್ಟಿ ನಕಲನ್ನು ಅದಕ್ಕೆ ಕೊಡಬೇಕಿತ್ತು. ಡಿಸ್ಕಿನ ಆ ಮೂರು ಅಂಕಿ ಕೇಳಿತು. ಡಿಸ್ಕಿನ ಲೇಬಲ್ ಸುಲಿದುಹೋಗಿತ್ತು. ಅಂದಾಜಿನ ಅಂಕಿ ಹಾಕಿದರೆ ಎಲ್ಲ ಅಡ್ಡಾದಿಡ್ಡಿಯಾಗುತ್ತದೆ. ಕಾಕಾಗೆ ಹೇಳಿದಾಗ ಅವರು ಏನೂ ಮಾತಾಡದೆ ಲೆಡ್ಜರ್ ತಂದು ಹಿಂದಿನ ರಟ್ಟು ತೋರಿಸಿದರು. ಪೆನ್ಸಿಲಿನಲ್ಲಿ ಬರೆದಿತ್ತು: 1010, 6, 55. ಯಂತ್ರದ ಬ್ಯಾಟರಿ ಸೋತ ಮೇಲೆ, ಕೊನೆಯ ಎರಡು ವರ್ಷ, ಪ್ರತಿ ಸಲ ಚಾಲೂ ಮಾಡುವಾಗ ಇವರು ಆ ಮೂರು ಅಂಕಿಯನ್ನು ಕೈಯಾರೆ ತುಂಬಿ ಕೆಲಸ ಮಾಡುತ್ತಿದ್ದರು.

ಇದರಿಂದ ಇನ್ನೊಂದು ಗಂಟೂ ಬಿಚ್ಚಿತು. ಎಮ್ಯುಲೇಟರಿನಲ್ಲಿ ಡಾಸ್ ಎದ್ದು ಫೈಲುಗಳ ಪಟ್ಟಿ ಬಂದಾಗ, ನೂರಾರು ಫೈಲಿನ ತಾರೀಖು 1980ರ ಜನವರಿ 1 ಎಂದಿತ್ತು. ಡಾಸ್‌ಗೆ ಕಾಲ ಶುರುವಾಗುವುದೇ ಆ ದಿನದಿಂದ. ಬ್ಯಾಟರಿ ಇಲ್ಲದ ಯಂತ್ರ ದಿನಾ ಅಲ್ಲಿಂದಲೇ ಏಳುತ್ತಿತ್ತು. ಹಾಗಾಗಿ ಅತಿ ಹಳೆಯದೆಂದು ಕಾಣುವ ಫೈಲುಗಳೇ ಕಾಕಾ ಕೊನೆಗೆ ಟೈಪ್ ಮಾಡಿದವು, ಕಾಕು ತಿದ್ದಿಸಿದ ಪಾಠಗಳು. ಒಂದೇ ಹಾಡಿನ ಎರಡು ಪ್ರತಿ ಇದ್ದಲ್ಲಿ ಹೊಸ ತಾರೀಖಿನದನ್ನು ಉಳಿಸಿಕೊಂಡು ಹಳೆಯದನ್ನು ಬಿಡೋಣ ಎಂದು ಒಂದು ಸಂಜೆ ನಾನು ಅರ್ಧ ನಿರ್ಧರಿಸಿದ್ದೆ. ಲೆಡ್ಜರ್ ಕೈಗೆ ಬಾರದಿದ್ದರೆ ತಿದ್ದಿದ ಪಾಠ ಬಿಟ್ಟು ತಪ್ಪಿನ ಪಾಠ ಪುಸ್ತಕಕ್ಕೆ ಹೋಗುತ್ತಿತ್ತು.

ಬಾರದೆ ಉಳಿದ 14 ಸೆಕ್ಟರ್ ಎರಡು ಫೈಲಿಗೆ ಮಾತ್ರ ಪೆಟ್ಟು ಕೊಟ್ಟಿದ್ದವು. ಹಿಂಡಿಟ್ಟ ಡಿಸ್ಕಿನಲ್ಲಿ ಒಂದು ಸೆಕ್ಟರ್ ಕೆಟ್ಟರೆ ಅದರ ಸುತ್ತಲಿನ 8 ಕೆಬಿ ಗಂಟು ಪೂರ್ತಿ ಹೋಗಬಹುದು. ಹೆಚ್ಚಿನವು ಖಾಲಿ ಜಾಗದಲ್ಲಿದ್ದದ್ದು ನಮ್ಮ ಪುಣ್ಯ.

ನನ್ನಿಂದ ಆದ ನಷ್ಟ

31 ಫ್ಲಾಪಿಗಳಿದ್ದವು. 22 ಮೂರೂವರೆ ಇಂಚಿನವು, 9 ಐದೂಕಾಲು ಇಂಚಿನವು. ಡಿಸ್ಕಿನಲ್ಲಿ ಜಾಗ ಮಾಡಲೆಂದು ಕಾಕಾ ಹಳೆಯ ಹಾಡುಗಳನ್ನು ದೊಡ್ಡ ಫ್ಲಾಪಿಗೆ ಎತ್ತಿ ಡಿಸ್ಕಿನಿಂದ ಅಳಿಸಿದ್ದರು. ಹಾಗಾಗಿ ಕೆಲವು ಹಾಡು ಫ್ಲಾಪಿಯಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಅಷ್ಟು ಮಳೆಗಾಲ ಕಂಡ ಐದೂಕಾಲು ಇಂಚಿನ ಫ್ಲಾಪಿ. ಕಿಟಕಿಯಲ್ಲಿ ಕಾಣುವ ಕಂದು ಮೈಮೇಲೆ ಬಿಳಿ ಚುಕ್ಕೆ ಎದ್ದಿದ್ದರೆ ಅದು ಬೂಷ್ಟು. ಮೂರು ಫ್ಲಾಪಿಗೆ ಹಿಡಿದಿತ್ತು. ಎರಡನ್ನು ಹೊದಿಕೆ ಕತ್ತರಿಸಿ ಹೊರತೆಗೆದು, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬೇರೆ ಹೊದಿಕೆಗೆ ಹಾಕಿ ಗ್ರೀಸ್‌ವೀಝಲ್ ಎಂಬ ಚಿಕ್ಕ ಬೋರ್ಡಿನ ಮೂಲಕ ಓದಿಸಿದೆ. ಅದು ಫೈಲು ಹುಡುಕುವುದಿಲ್ಲ, ತಟ್ಟೆಯ ಮೇಲಿನ ಕಾಂತದ ಏರಿಳಿತವನ್ನೇ ಹಿಡಿದಿಡುತ್ತದೆ. ಎರಡೂ ಪೂರ್ತಿ ಬಂದವು.

ಮೂರನೆಯದರ ಮೇಲೆ ಒಂದೇ ಒಂದು ಚುಕ್ಕೆ ಇತ್ತು, ಅಂಚಿನಲ್ಲಿ. ರಾತ್ರಿ ಹನ್ನೊಂದಾಗಿತ್ತು. ಇಷ್ಟಕ್ಕೆ ಏನಾಗುತ್ತದೆ ಎಂದು ತೊಳೆಯದೆ ಹಾಕಿದೆ. ಕೆರೆದ ಸದ್ದು ಬಂತು. ತೆಗೆದು ನೋಡುವಷ್ಟರಲ್ಲಿ ತಟ್ಟೆಯ ಮೇಲೆ ಕೂದಲೆಳೆಯಂಥ ಹೊಳೆಯುವ ಉಂಗುರ ಬಿದ್ದಿತ್ತು. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮೈಯ ಲೇಪವನ್ನೇ ಕಿತ್ತು ಹಾಕಿತ್ತು. ಹೆಡ್ಡನ್ನು ಒರೆಸದೆ ಮುಂದಿನದನ್ನು ಹಾಕಿದ್ದರೆ ಅದೂ ಹೋಗುತ್ತಿತ್ತು. ಲೆಡ್ಜರಿನ ಪ್ರಕಾರ ಅದರಲ್ಲಿದ್ದದ್ದು 46 ಹಾಡು.

ಮರುದಿನವೇ ಹೋಗಿ ಹೇಳಿದೆ. ಕಾಕಾ ಬಹಳ ಹೊತ್ತು ಫ್ಲಾಪಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕಾಕು ಲೆಡ್ಜರ್ ತೆಗೆದು ಆ 46ರ ಮೊದಲ ಸಾಲುಗಳನ್ನು ಒಂದೊಂದಾಗಿ ಓದಲು ಶುರುಮಾಡಿದರು. ಹಳೆಯ ಪ್ರಿಂಟುಗಳ ಗಂಟಿನಲ್ಲಿ 29 ಸಿಕ್ಕವು. ಮಂಡಳಿಯ ಹಿರಿಯರ ಬಾಯಲ್ಲಿ ಪೂರ್ತಿ ಉಳಿದಿದ್ದವು 8. ಉಳಿದದ್ದು 9. ಅಂದಿನಿಂದ ಚುಕ್ಕೆ ಎಷ್ಟೇ ಸಣ್ಣದಿರಲಿ, ತೊಳೆಯದ ಫ್ಲಾಪಿಯನ್ನು ನಾನು ಡ್ರೈವಿಗೆ ಹಾಕಿಲ್ಲ.

ಹಳೆಯದು ಒಂದು ಸಂಜೆ, ಹೊಸದು ಮೂರು ವಾರ

ಇಸ್ಕಿಯಿಂದ ಇಂದಿನ ಕಂಪ್ಯೂಟರುಗಳು ಬಳಸುವ ಯುನಿಕೋಡ್ ಸಂಕೇತಕ್ಕೆ ತರುವ ಪೈಥಾನ್ ಪ್ರೋಗ್ರಾಮು ಬರೆಯಲು ಒಂದು ಸಂಜೆ ಸಾಕಾಯಿತು. ಯುನಿಕೋಡಿನ ಭಾರತೀಯ ಲಿಪಿಗಳ ಜೋಡಣೆಯೇ 1988ರ ಇಸ್ಕಿಯನ್ನು ಅನುಸರಿಸಿದ್ದು, ಹಾಗಾಗಿ ಅಕ್ಷರಕ್ಕೆ ಅಕ್ಷರ ಕೂಡುತ್ತದೆ. ಎಚ್ಚರ ಬೇಕಾದ ಕಡೆ ಎರಡು. ಅಕ್ಷರದ ಸ್ವರ ಕಳೆಯುವ ಚಿಹ್ನೆಯಾದ ಹಲಂತ, ಅಂದರೆ 232, ಎರಡು ಸಲ ಒಟ್ಟಿಗೆ ಬಂದರೆ ಅಲ್ಲಿ ಒತ್ತಕ್ಷರ ಮಾಡದೆ ಹಲಂತ ಕಾಣುವ ಅರ್ಧಾಕ್ಷರವಾಗಿ ಬಿಡಬೇಕು. 239 ಬಂದರೆ ಅದು ದಪ್ಪಕ್ಷರ, ಲಿಪಿ ಬದಲಾವಣೆಯಂಥ ಸೂಚನೆ, ಅದರ ಮುಂದಿನ ಬೈಟನ್ನೂ ಸೇರಿಸಿ ತೆಗೆಯಬೇಕು. ಶೀರ್ಷಿಕೆಗಳ ಮುಂದೆ ಒಂದೊಂದು ಹೆಚ್ಚಿನ ಅಕ್ಷರ ಅಂಟಿಕೊಂಡು ಬಂದದ್ದು ಇದನ್ನು ಮರೆತಾಗ.

ತೊಂದರೆ ಕೊಟ್ಟದ್ದು ಹೊಸದು. 2002ರ ಸುಮಾರಿಗೆ ಮನೆಗೆ ವಿಂಡೋಸ್ 98ರ ಯಂತ್ರವೊಂದು ಬಂದಿತ್ತು. ಕಾಕಾನ ಮಗಳು ಅದರಲ್ಲಿ, ಆಗ ಎಲ್ಲರೂ ಬಳಸುತ್ತಿದ್ದಂಥ ಫಾಂಟ್ ಆಧಾರದ ಕನ್ನಡ ತಂತ್ರಾಂಶದಲ್ಲಿ, 180 ಹಾಡು ಹಾಕಿದ್ದಳು. ಯಂತ್ರ ಗುಜರಿಗೆ ಹೋಗಿ ಸಿಡಿಯೊಂದು ಉಳಿದಿತ್ತು. ಮೂವತ್ತು ವರ್ಷದ ಹಿಂದಿನ ಡಾಸ್ ಫೈಲು ಸಲೀಸಾಗಿ ಬಂದ ಮೇಲೆ ಇದೇನು ಮಹಾ ಎಂದುಕೊಂಡಿದ್ದೆ.

ಇಸ್ಕಿ ಉಚ್ಚಾರವನ್ನು ಬರೆದಿಡುತ್ತದೆ, ಆ ಫಾಂಟುಗಳು ಆಕಾರವನ್ನು ಬರೆದಿಡುತ್ತವೆ. ‘ಧರ್ಮ’ ಎಂಬ ಪದ ಕಾಕಾನ ಫೈಲಿನಲ್ಲಿ ಧ, ರ, ಹಲಂತ, ಮ ಎಂದು ನಾವು ನುಡಿಯುವ ಕ್ರಮದಲ್ಲೇ ಇತ್ತು. ಮಗಳ ಫೈಲಿನಲ್ಲಿ ಧ, ಮ, ಆಮೇಲೆ ಅರ್ಕಾವೊತ್ತಿನ ಕೊಕ್ಕೆ. ಕಣ್ಣಿಗೆ ಯಾವುದು ಎಲ್ಲಿ ಕಾಣುತ್ತದೋ ಆ ಕ್ರಮ. ಒಂದೊಂದು ಅಕ್ಷರವೂ ತಲೆಕಟ್ಟು, ಮೈ, ಕೊಂಬು, ಒತ್ತು ಎಂದು ತುಂಡುತುಂಡಾಗಿ ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿತ್ತು. ಆ ಫಾಂಟಿನ ಫೈಲು ಸಿಡಿಯಲ್ಲಿ ಸಿಗದಿದ್ದರೆ ಯಾವ ತುಂಡು ಯಾವುದೆಂದು ತಿಳಿಯುವ ದಾರಿಯೇ ಇರಲಿಲ್ಲ. ಸಿಕ್ಕಿತು. ಪ್ರತಿ ಸ್ಥಾನದ ಆಕಾರ ನೋಡಿ ಪಟ್ಟಿ ಮಾಡಿ, ಅರ್ಕಾವೊತ್ತನ್ನು ಹಿಂದಕ್ಕೆ ಜರುಗಿಸುವ ನಿಯಮ ಬರೆದು, ಮಿಕ್ಕದ್ದನ್ನು ಕಣ್ಣಿನಿಂದ ತಿದ್ದಲು ಮೂರು ವಾರ ಹಿಡಿಯಿತು. ಮನೆಯಲ್ಲಿ ಹಳೆಯ ಕನ್ನಡ ಫೈಲು ಇದ್ದವರು ಫೈಲಿನ ಜೊತೆ ಫಾಂಟನ್ನೂ ಎತ್ತಿಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ.

ಕಾಕಾಗೆ ಬೇಕಾದದ್ದು

ಡೇಟಾ ಉಳಿಯಿತು, ಕೆಲಸ ಮುಗಿಯಿತು ಎಂದು ನಾನು ತಿಳಿದಿದ್ದೆ. ಸೊಸೆ ಒಂದು ಲ್ಯಾಪ್‌ಟಾಪಿನಲ್ಲಿ ಎಲ್ಲ ಹಾಕಿಸಿ ಕಾಕಾನ ಮುಂದಿಟ್ಟರು. ಅದರಲ್ಲೂ ಇನ್‌ಸ್ಕ್ರಿಪ್ಟ್ ಇದೆ, ಕೆ ಒತ್ತಿದರೆ ಕ, ಡಿ ಒತ್ತಿದರೆ ಹಲಂತ, ಎಲ್ಲ ಅದೇ ಜಾಗ. ಕಾಕಾನ ಬೆರಳು ನಾಲ್ಕು ಸಾಲು ನಿಲ್ಲದೆ ಓಡಿದವು. ಆಮೇಲೆ ನಿಂತರು. “ಇದು ಛಲೋ ಅದ. ಆದ್ರ ನಾ ಕನ್ನಡದಾಗ ಹೊಡಿಯೂದು, ಇಕಿ ಬಾಜೂಕ ಕೂತು ಬಾಲಬೋಧದಾಗ ಓದೂದು, ಅದು ಇದರಾಗ ಹೆಂಗ?” ಬಾಲಬೋಧ ಅಂದರೆ ದೇವನಾಗರಿ, ಇಕಿ ಅಂದರೆ ಮೊಮ್ಮಗಳು. ಲ್ಯಾಪ್‌ಟಾಪಿನಲ್ಲಿ ಲಿಪಿ ಬದಲಿಸಬಹುದು, ಆದರೆ ಅದಕ್ಕೊಂದು ಪ್ರೋಗ್ರಾಮು ಓಡಿಸಬೇಕು, ಇನ್ನೊಂದು ಫೈಲು ಆಗುತ್ತದೆ. ಅವರ ಯಂತ್ರದಲ್ಲಿ ಪಠ್ಯ ಒಂದೇ, ಲಿಪಿ ಬರೀ ನೋಟ.

ಹಾಗಾಗಿ ಯಂತ್ರವನ್ನು ಎಬ್ಬಿಸುವುದೆಂದು ಆಯಿತು. ಅಸಲಿ ರೋಗ ಬೋರ್ಡಿನ ಮೇಲಿನ ಬ್ಯಾಟರಿ. ಆ ಕಾಲದ ಬೋರ್ಡುಗಳ ಮೇಲೆ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಪೀಪಾಯಿ ಬ್ಯಾಟರಿ ಬೆಸೆದಿರುತ್ತದೆ. ವರ್ಷ ಕಳೆದಂತೆ ಸೋರಿ ಸುತ್ತಲಿನ ತಾಮ್ರವನ್ನು ತಿನ್ನುತ್ತದೆ. ಇಲ್ಲಿ ಹಸಿರು ಕಿಲುಬು ಕೀಬೋರ್ಡಿನ ಸಾಕೆಟ್ಟಿನವರೆಗೆ ಹರಡಿತ್ತು. ಬ್ಯಾಟರಿ ಕತ್ತರಿಸಿ ತೆಗೆದು, ಸೋರಿದ್ದು ಕ್ಷಾರವಾದ್ದರಿಂದ ವಿನೆಗರ್ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಡಿಸ್ಟಿಲ್ಡ್ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದೆ. ಮೀಟರ್ ಹಿಡಿದು ಒಂದೊಂದು ಗೆರೆ ನೋಡಿದಾಗ ಕೀಬೋರ್ಡಿನಿಂದ ಹೊರಟ ಒಂದು ಗೆರೆ ತುಂಡಾಗಿತ್ತು. ಕೂದಲಿನಷ್ಟು ತೆಳುವಾದ ತಂತಿ ಬೆಸೆದೆ. ಬ್ಯಾಟರಿಯ ಜಾಗಕ್ಕೆ ಮೂರು ಪೆನ್ಸಿಲ್ ಸೆಲ್ಲಿನ ಡಬ್ಬಿ, ಬೋರ್ಡಿನಿಂದ ದೂರ, ಪೆಟ್ಟಿಗೆಯ ಗೋಡೆಗೆ. ಬೋರ್ಡು ಹಳೆಯ ಬ್ಯಾಟರಿಗೆ ಚಾರ್ಜು ಕಳಿಸುತ್ತಿತ್ತು, ಈ ಸೆಲ್ಲುಗಳಿಗೆ ಅದು ಹೋಗಬಾರದು. ಅದಕ್ಕೆ ನಡುವೆ ಒಂದು ಡಯೋಡು. 4.5 ವೋಲ್ಟಿನಲ್ಲಿ ಡಯೋಡು 0.6ರಷ್ಟು ತಿಂದು ಸುಮಾರು 3.9 ಉಳಿಯುತ್ತದೆ, ಸಾಕು. ಡಯೋಡು, ಡಬ್ಬಿ, ಪವರ್ ಸಪ್ಲೈಗೆ ಹೊಸ ಕೆಪ್ಯಾಸಿಟರ್ ಎಲ್ಲ ಬುಧವಾರ ಪೇಠೆಯ ತಪ್ಕೀರ್ ಗಲ್ಲಿಯಲ್ಲೇ ಸಿಕ್ಕವು.

ಪವರ್ ಸಪ್ಲೈಯನ್ನು ಮೊದಲು ಒಂದು ಸತ್ತ ಡಿಸ್ಕಿಗೆ ಹಚ್ಚಿ 5 ಮತ್ತು 12 ವೋಲ್ಟ್ ಸರಿ ಬರುತ್ತಿದೆಯೇ ನೋಡಿದೆ. ಈ ಕಾಲದ ಸಪ್ಲೈಯಿಂದ ಬೋರ್ಡಿಗೆ ಎರಡು ಬಿಡಿ ಕನೆಕ್ಟರ್ ಬರುತ್ತವೆ, ಅದಲುಬದಲಾಗಿಯೂ ಕೂರುತ್ತವೆ, ಕೂತರೆ ಬೋರ್ಡು ಸುಟ್ಟಿತು. ಎರಡರ ಕಪ್ಪು ತಂತಿಗಳು ನಡುವೆ ಒಂದಕ್ಕೊಂದು ತಾಗಿರಬೇಕು. ಕಾಕಾಗೂ ತೋರಿಸಿ ಲೆಡ್ಜರಿನ ರಟ್ಟಿನ ಮೇಲೆ ಬರೆಸಿದೆ. ಮೂಲ ಡಿಸ್ಕಿಗೆ ಈಗ ವಿಶ್ರಾಂತಿ. ಅದರ ಬದಲು ಅಡಾಪ್ಟರಿನ ಮೇಲೆ 512 ಎಂಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್, ಡ್ರೈವ್‌ಸ್ಪೇಸ್ ಇಲ್ಲದೆ. ಅದನ್ನು ಕಳಚಿ ಲ್ಯಾಪ್‌ಟಾಪಿಗೆ ಸಿಗಿಸಿದರೆ ಹೊಸ ಹಾಡು ಹೊರಗೆ ಬರುತ್ತದೆ.

ಸ್ವಿಚ್ ಒತ್ತಿದ್ದು ಕಾಕಾ. ರ‍್ಯಾಮ್ ಎಣಿಸಿತು, ಒಂದು ಸಲ ಬೀಪ್ ಎಂದಿತು, ಕಪ್ಪು ಪರದೆಯ ಮೇಲೆ ಕನ್ನಡ ಮೂಡಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಪುಸ್ತಕ 2023ರ ಆಷಾಢ ಏಕಾದಶಿಯ ಹೊತ್ತಿಗೆ ಬಂತು. ಎಡಪುಟ ಕನ್ನಡ, ಬಲಪುಟ ದೇವನಾಗರಿ. ಅದಕ್ಕೂ ಒಂದು ಜಗಳ ನಡೆದಿತ್ತು. ಕನ್ನಡದ ಹ್ರಸ್ವ ಎ, ಒ ದೇವನಾಗರಿಯಲ್ಲಿ ಬೇರೆ ಚಿಹ್ನೆಯಾಗಿ ಬರುತ್ತವೆ, ಮರಾಠಿ ಓದಿದ ಮಕ್ಕಳಿಗೆ ಅದರ ಪರಿಚಯವಿಲ್ಲ. ಶುದ್ಧವಾಗಿರಲಿ ಎಂದು ನಾನು ಹಟ ಮಾಡಿದೆ. ಕಾಕು ಒಪ್ಪಲಿಲ್ಲ, ರೂಢಿಯ ಚಿಹ್ನೆಯೇ ಇರಲಿ ಎಂದರು. ಉದ್ದ ಗಿಡ್ಡ ಹಾಡುವಾಗ ಕಿವಿಯಿಂದ ಬರುತ್ತದೆ, ಕಾಗದದಿಂದ ಅಲ್ಲ ಎಂಬುದು ಅವರ ತೀರ್ಮಾನ. ಮರಾಠಿಯಲ್ಲಿ ಚ, ಜ ಅಕ್ಷರಗಳಿಗೆ ಎರಡೆರಡು ಉಚ್ಚಾರ ಇರುವುದರಿಂದ ಆ ತಿದ್ದುಪಡಿಯನ್ನೂ ಅವರೇ ಕಿವಿಯಿಂದ ಮಾಡಿಸುತ್ತಾರೆ. ಹುಡುಗಿಯರು ಹಾಡಿದ್ದು ಕೇಳಿದ ಮೇಲೆ ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಯಂತ್ರ ತಿಂಗಳಿಗೆ ಎರಡು ಭಾನುವಾರ ಏಳುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಒಳಗಿನ ಥಂಡಿ ಆರಲಿ ಎಂದು. ಜೂನಾ ಬಝಾರಿನಲ್ಲಿ ಒಂದು ಹಳೆಯ ಕೀಬೋರ್ಡು ಸಿಕ್ಕಿದೆ, ಎತ್ತಿಟ್ಟಿದ್ದೇವೆ. ಜಿಸ್ಟ್ ಕಾರ್ಡಿಗೆ ಜೋಡಿ ಇನ್ನೂ ಸಿಕ್ಕಿಲ್ಲ. ಮಾನಿಟರಿಗೂ ಸಿಕ್ಕಿಲ್ಲ.

ಪುಸ್ತಕದಲ್ಲಿ ಆ 9 ಹಾಡಿಗೆ 9 ಪುಟ ಖಾಲಿ ಬಿಟ್ಟಿದ್ದಾರೆ. ಮೇಲೆ ಕ್ರಮಸಂಖ್ಯೆ, ಮೊದಲ ಸಾಲು, ರಾಗ, ತಾಳ, ಎಲ್ಲ ಲೆಡ್ಜರಿನಿಂದ ಬಂದದ್ದು. ಕೆಳಗೆ ಬಿಳಿ ಹಾಳೆ. ಕಳೆದ ಚಾತುರ್ಮಾಸದಲ್ಲಿ ಸೊಲ್ಲಾಪುರದಿಂದ ಬಂದಿದ್ದ ಒಬ್ಬ ಅಜ್ಜಿ ಪುಸ್ತಕ ತಿರುವಿ, ಒಂದು ಖಾಲಿ ಪುಟದ ಮೊದಲ ಸಾಲು ಓದಿಸಿಕೊಂಡು, ಪೂರ್ತಿ ಹಾಡಿದರು. ಕಾಕಾ ಕನ್ನಡದಲ್ಲಿ ಹೊಡೆದರು, ಮೊಮ್ಮಗಳು ಪಕ್ಕದಲ್ಲಿ ಕೂತು ದೇವನಾಗರಿಗೆ ಬದಲಿಸಿ ಸಾಲು ಸರಿಯಿದೆಯೇ ಎಂದು ಅಜ್ಜಿಗೆ ಓದಿ ಹೇಳಿದಳು. ಈಗ ಖಾಲಿ ಉಳಿದಿರುವ ಪುಟ 8.